ಊರು ಮುಚ್ಚಿದಾಗ ಹೊಲ ಕಲಿಸಿದ ಪಾಠ

ಮಳೆ ಬಾರದಿದ್ದರೆ ರೈತನಿಗೆ ಕಷ್ಟ. ಮಳೆ ಹೆಚ್ಚಾದರೂ ಕಷ್ಟ. ಈ ಎರಡನ್ನೂ ನಮ್ಮ ಹಿರಿಯರು ಕಂಡವರೇ. ಆದರೆ ಬಾವಿಯಲ್ಲಿ ನೀರಿದ್ದು, ಬೆಳೆ ಹುಲುಸಾಗಿ ಬಂದು, ಕೊಳ್ಳುವವರೇ ಇಲ್ಲದೆ ಹೋಗುವ ಕಷ್ಟವೊಂದು ಉಂಟು ಎಂಬುದನ್ನು ನಾವು 2020ನೆಯ ಇಸವಿಯಲ್ಲಿ ತಿಳಿದೆವು. ಆ ದಿನಗಳು ಈಗ ಹಳೆಯ ಮಾತಾಗಿವೆ. ಹಳೆಯದಾಯಿತೆಂದು ಮರೆತರೆ ಕೊಟ್ಟ ಶುಲ್ಕ ದಂಡವಾಗುತ್ತದೆ. ಆದುದರಿಂದ ಕಾರಮಡೈ ಸೀಮೆಯಲ್ಲಿ ನಾವು ಕಂಡು ಉಂಡದ್ದನ್ನು ಗಡಿಯಾಚೆಯ ನಮ್ಮ ಕನ್ನಡ ರೈತ ಬಾಂಧವರ ಮುಂದೆ ಇಡುತ್ತಿದ್ದೇವೆ.

ನಮ್ಮ ಕಸಬು ಮೇಷ್ಟರದು. ಜೊತೆಗೆ ಎರಡು ಎಕರೆ ಬೇಸಾಯ. ಒಂದೂವರೆ ಎಕರೆ ಕರಿಬೇವು, ಉಳಿದದ್ದರಲ್ಲಿ ತೆಂಗು. ಆ ವರ್ಷ ಕಾರಮಡೈ ರಂಗನಾಥಸ್ವಾಮಿಯ ಮಾಸಿ ತಿಂಗಳ ತೇರು ಮುಗಿದು ಹೆಚ್ಚು ದಿನವಾಗಿರಲಿಲ್ಲ. ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 24ರ ಸಂಜೆ ತಮಿಳುನಾಡಿನಲ್ಲಿ 144ನೆಯ ಸೆಕ್ಷನ್ ಜಾರಿಗೆ ಬಂತು. ಮರುದಿನದಿಂದ ದೇಶವೆಲ್ಲ 21 ದಿನ ಮುಚ್ಚಿತು. ನಮ್ಮ ಕಡೆ ಅದಕ್ಕೆ ‘ಊರಡಂಗು’ ಎಂದರು. ಮಾತಿಗೆ ತಕ್ಕಂತೆ ಊರೇ ಅಡಗಿಹೋಯಿತು.

ಕರಿಬೇವು ಗಿಡದಲ್ಲೇ ಬಲಿಯಿತು

ನಮ್ಮ ಸೀಮೆಯ ಕರಿಬೇವು ಹೆಸರುವಾಸಿ. ಒಮ್ಮೆ ನಾಟಿದರೆ ಹಲವು ವರ್ಷ ನಿಲ್ಲುವ ಗಿಡ. ನೀರು ಗೊಬ್ಬರ ಸರಿಯಾಗಿದ್ದರೆ ಹೆಚ್ಚುಕಡಿಮೆ ಮೂರು ತಿಂಗಳಿಗೊಮ್ಮೆ ಕೊಯ್ಲು. ಕೊಯ್ದು, ಕಟ್ಟು ಕಟ್ಟಿ, ಸಂಜೆ ಲಾರಿಗೆ ಹೇರಿದರೆ ವಾಳಯಾರ್ ದಾಟಿ ಬೆಳಗಾಗುವಷ್ಟರಲ್ಲಿ ಕೇರಳದ ಪೇಟೆ ಸೇರುತ್ತದೆ. ಈ ಅನುಕೂಲವನ್ನು ನೋಡಿಯೇ ನಾವು ಅಡಿಗೆಗೆ ಬೇಕಾದ ಒಂದು ಮೆಣಸಿನ ಗಿಡವನ್ನೂ ಇಡದೆ ಹೊಲವನ್ನೆಲ್ಲ ಕರಿಬೇವಿಗೇ ಬಿಟ್ಟಿದ್ದೆವು.

ಊರು ಮುಚ್ಚಿದಾಗ ನಮ್ಮ ಎಲೆ ಕೊಯ್ಲಿಗೆ ಸಿದ್ಧವಾಗಿತ್ತು. ಬೇಸಾಯದ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಮಾರ್ಚ್ 27ರಂದೇ ಕೇಂದ್ರ ಸರ್ಕಾರ ಹೇಳಿತು. ಸರಕು ಲಾರಿಗಳಿಗೂ ಅಪ್ಪಣೆಯಾಯಿತು. ಆದರೆ ಹೋಟಲು ಮುಚ್ಚಿತ್ತು, ಮದುವೆ ಮನೆ ಇರಲಿಲ್ಲ, ಲಾರಿ ಓಡಿಸುವವನಿಗೆ ದಾರಿಯಲ್ಲಿ ಅನ್ನ ಸಿಗುವಂತಿರಲಿಲ್ಲ. ಹೀಗಿರಲಾಗಿ ನಮ್ಮ ಎಲೆ ಯಾರಿಗೆ ಬೇಕು? ವ್ಯಾಪಾರಿ ಫೋನಿನಲ್ಲಿ, “ಈ ವಾರ ಬೇಡ, ಮುಂದಿನ ವಾರ ನೋಡೋಣ” ಎಂದರು. ಮುಂದಿನ ವಾರವೂ ಅದೇ ಮಾತು. ಎಲೆ ಬಲಿತು, ಹಳದಿಗೆ ತಿರುಗಿತು. ಮುಂದಿನ ಚಿಗುರಾದರೂ ಉಳಿಯಲೆಂದು ನಾವೇ ಕೊಯ್ದು ಗಿಡದ ಬುಡಕ್ಕೆ ಹೊದಿಸಿದೆವು.

ಸ್ವಲ್ಪ ಎಲೆಯನ್ನು ಒಣಗಿಸಿಯೂ ನೋಡಿದೆವು. ಬಿಸಿಲಿಗೆ ಹಾಕಿದ್ದು ಕಪ್ಪಾಗಿ ಪರಿಮಳ ಕಳೆದುಕೊಂಡಿತು. ತೊಳೆದು, ನೀರು ಆರಿಸಿ, ನೆರಳಿನಲ್ಲಿ ತೆಳ್ಳಗೆ ಹರಡಿದ್ದು ಹಸಿರಾಗಿ ಉಳಿಯಿತು. ಅದನ್ನು ಪುಡಿಮಾಡಿ ಡಬ್ಬಿಯಲ್ಲಿಟ್ಟೆವು. ಒಂದೂವರೆ ಎಕರೆಯ ಎಲೆಗೆ ಮನೆಯ ನೆರಳು ಸಾಲದು ನಿಜ. ಆದರೆ ಪೂರ್ತಿ ಕಳೆದುಕೊಳ್ಳುವುದಕ್ಕಿಂತ ಇದು ಮೇಲು.

ನಾಚಿಕೆಯ ಒಂದು ಬೆಳಗ್ಗೆ

ನಮ್ಮ ಹೊಲಕ್ಕೆ ಎಲೆ ಕೊಯ್ಯಲು ಐವರು ಹೆಂಗಸರು ಬರುತ್ತಿದ್ದರು. ಕೊಯ್ಲು ನಿಂತಿತು, ಕೂಲಿಯೂ ನಿಂತಿತು. ಏಪ್ರಿಲ್‌ನಲ್ಲಿ ಅವರಲ್ಲಿ ಹಿರಿಯಾಕೆ ನಮ್ಮ ಅಂಗಳದಾಚೆ ದೂರದಲ್ಲಿ ನಿಂತು ಹೇಳಿದಳು: “ಮೇಷ್ಟ್ರೇ, ರೇಷನ್ನಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಕೊಟ್ಟರು. ಸಾವಿರ ರೂಪಾಯಿಯೂ ಬಂತು. ಅದು ಹಳೆಯ ಸಾಲಕ್ಕೆ ಹೋಯಿತು. ಹೊಲದಲ್ಲಿ ಒಂದು ಹಿಡಿ ಸೊಪ್ಪಿದ್ದರೆ ಕೊಡಿ, ಮಕ್ಕಳು ಬರೀ ಅನ್ನ ಉಣ್ಣುವುದಿಲ್ಲ.”

ನಮ್ಮಲ್ಲಿ ಸೊಪ್ಪಿರಲಿಲ್ಲ. ಎರಡು ಎಕರೆ ನೀರಾವರಿ ಇಟ್ಟುಕೊಂಡು, ಒಂದು ಹಿಡಿ ಸೊಪ್ಪು ಕೇಳಿದವರಿಗೆ ಕರಿಬೇವು ತೋರಿಸಬೇಕಾಯಿತು. ಎರಡು ತೆಂಗಿನಕಾಯಿ ಕೊಟ್ಟು ಕಳುಹಿಸಿದೆವು. ನಮಗೆ ಆ ತಿಂಗಳೂ ಸಂಬಳ ಬಂದಿತ್ತು, ಆಕೆಗೆ ಬಂದಿರಲಿಲ್ಲ. ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ನಮ್ಮ ಅಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದರು. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟುತ್ತಿದ್ದರಂತೆ. ಕೊಯಮತ್ತೂರಿನಲ್ಲಿ ‘ಪ್ಲೇಗ್ ಮಾರಿಯಮ್ಮ’ನ ಗುಡಿಗಳು ಇಂದಿಗೂ ಆ ಕಾಲಕ್ಕೆ ಸಾಕ್ಷಿ. ಅಂದು ಊರು ಬಿಟ್ಟವರನ್ನು ಹೊಲವೇ ಸಾಕಿತು. ಯಾಕೆಂದರೆ ಹೊಲದಲ್ಲಿ ರಾಗಿ, ಅವರೆ, ಸೊಪ್ಪು ಇದ್ದವು. ನಮ್ಮ ಹೊಲ ಯಾರನ್ನೂ ಸಾಕುವಂತಿರಲಿಲ್ಲ.

ಹದಿನೈದು ಸೆಂಟು ಕೈತೋಟ

ಬಾವಿಯ ಪಕ್ಕದ ಹದಿನೈದು ಸೆಂಟಿನಲ್ಲಿ ಕರಿಬೇವಿನ ಹಳೆಯ ಗಿಡಗಳನ್ನು ಕಿತ್ತೆವು. ಬೀಜ ತರಲು ದೂರ ಹೋಗುವಂತಿರಲಿಲ್ಲ. ನೆರೆಮನೆಯ ಅಜ್ಜಿಯೊಬ್ಬರು ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ದಂಟು, ಹೀರೆ, ಅವರೆ, ಬೆಂಡೆಯ ಬೀಜ ಕೊಟ್ಟರು. ನುಗ್ಗೆಯ ಕೊಂಬೆಗಳನ್ನು ಬೇಲಿಯ ಸಾಲಿನಲ್ಲಿ ನೆಟ್ಟೆವು. ಆ ಐವರು ಹೆಂಗಸರೊಡನೆ ಒಪ್ಪಂದ ಹೀಗೆ: ನೆಲ, ನೀರು, ಗೊಬ್ಬರ ನಮ್ಮದು, ಕೆಲಸ ಅವರದು, ಬಂದದ್ದರಲ್ಲಿ ಅರ್ಧ ಅವರಿಗೆ. ಮುಖಕ್ಕೆ ಬಟ್ಟೆ ಕಟ್ಟಿ, ದೂರ ದೂರದ ಮಡಿಯಲ್ಲಿ ನಿಂತು ಕೆಲಸ ಮಾಡಿದರು.

ದಂಟು ಸೊಪ್ಪು ತಿಂಗಳೊಳಗೆ ಕೈಗೆ ಬಂತು. ಬೆಂಡೆ ಸುಮಾರು ಏಳು ವಾರಕ್ಕೆ. ಹೀರೆ ಅದರ ಹಿಂದೆ. ಎಲ್ಲವನ್ನೂ ಒಂದೇ ದಿನ ಬಿತ್ತಬಾರದೆಂದು ಕಲಿತೆವು. ಮೊದಲ ಮಡಿಯ ಸೊಪ್ಪು ಒಟ್ಟಿಗೆ ಬಂದು ಹೂ ಬಿಟ್ಟು ಕೆಟ್ಟಿತು. ಆಮೇಲೆ ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿದೆವು. ಲೆಕ್ಕ ನೋಡಿದರೆ ಲಾಭವೆಂಬುದು ಕಡಿಮೆಯೇ. ಆದರೆ ಆರು ಮನೆಗಳಲ್ಲಿ ಸಾರಿಗೆ ಸೊಪ್ಪು ಬಂತು.

ನಾಲ್ಕು ಮನೆಗೆ ಒಂದು ಗಾಡಿ

ಏಪ್ರಿಲ್ ಮೊದಲ ವಾರದಿಂದ ಅಂಗಡಿಗಳಿಗೆ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಸಮಯ. ಒಬ್ಬೊಬ್ಬರೇ ಮೋಟಾರ್ ಸೈಕಲ್ಲಿನಲ್ಲಿ ಕಾಯಿ ಹೊತ್ತು ಹೋಗಿ, ಮಾರಾಟವಾಗದೆ ತಿರುಗಿ ಬರುತ್ತಿದ್ದೆವು. ಕಡೆಗೆ ನಾಲ್ಕು ಮನೆಯವರು ಸೇರಿ ಚಿಕ್ಕ ಗೂಡ್ಸ್ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ಅನುಮತಿ ಪತ್ರ ಪಡೆದೆವು. ತೆಂಗು, ಬಾಳೆ, ಸೊಪ್ಪು, ಬದನೆ ಎಲ್ಲವೂ ಒಂದೇ ಗಾಡಿಯಲ್ಲಿ. ಬೀದಿಯವರಿಗೆ ಒಂದೇ ಕಡೆ ಎಲ್ಲ ಸಿಕ್ಕಿದ್ದರಿಂದ ಹತ್ತು ಗಂಟೆಗೆ ಗಾಡಿ ಖಾಲಿ.

ಇದರಿಂದಲೂ ಉದ್ಧಾರವಾಗದವರು ಒಬ್ಬರಿದ್ದರು. ನಮ್ಮ ಪಕ್ಕದ ಹೊಲದ ಅಣ್ಣ ಕೈಸಾಲ ತಂದು ಮೂರು ಎಕರೆ ನೇಂದ್ರ ಬಾಳೆ ಹಾಕಿದ್ದರು. ಅದೂ ಕೇರಳಕ್ಕೇ ಹೋಗುವ ಹಣ್ಣು. ಗೊನೆ ಗಿಡದಲ್ಲೇ ಹಣ್ಣಾಯಿತು. ಸ್ವಲ್ಪ ಚಿಪ್ಸ್ ಮಾಡಿದರು, ಉಳಿದದ್ದು ದನಕ್ಕೆ ಹೋಯಿತು. ಬ್ಯಾಂಕ್ ಸಾಲದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. 2021ರ ಫೆಬ್ರವರಿಯಲ್ಲಿ ಸಹಕಾರ ಸಂಘಗಳ ಬೆಳೆ ಸಾಲ 12,110 ಕೋಟಿ ರೂಪಾಯಿ ಮನ್ನಾ ಎಂದು ತಮಿಳುನಾಡು ಸರ್ಕಾರ ಸಾರಿತು. ಅಣ್ಣನ ಸಾಲ ಇವೆರಡರ ಲೆಕ್ಕಕ್ಕೂ ಬರಲಿಲ್ಲ. ಕೈಸಾಲಕ್ಕೆ ಮನ್ನಾ ಎಲ್ಲಿಯದು? ಕರೆಯುವ ಎರಡು ಹಸುಗಳನ್ನು ಮಾರಿ ತೀರಿಸಿದರು.

ಎರಡನೆಯ ಸಲ

2021ರ ಮೇ 10ರಿಂದ ಮತ್ತೆ ಊರು ಮುಚ್ಚಿತು. ಮೇ 24ರಿಂದ ದಿನಸಿ ಅಂಗಡಿಯೂ ತೆರೆಯಲಿಲ್ಲ; ತೋಟಗಾರಿಕೆ ಇಲಾಖೆಯ ವ್ಯವಸ್ಥೆಯಲ್ಲಿ ತರಕಾರಿ ಗಾಡಿಗಳು ಬೀದಿಗೆ ಬಂದವು. ಈ ಸಲ ರೋಗ ನಮ್ಮ ಜಿಲ್ಲೆಯಲ್ಲಿ ಬಹಳ ಹಬ್ಬಿತು, ಪರಿಚಿತರನ್ನು ಕಳೆದುಕೊಂಡೆವು. ಆ ದುಃಖಕ್ಕೆ ಬೇಸಾಯದಲ್ಲಿ ಮದ್ದಿಲ್ಲ. ಆದರೆ ಹೊಟ್ಟೆಯ ಚಿಂತೆ ಮೊದಲಿನಂತೆ ಕಾಡಲಿಲ್ಲ. ತೋಟದಲ್ಲಿ ನುಗ್ಗೆ ಕಾಯಿ ಬಿಟ್ಟಿತ್ತು. ರೋಗ ತಗುಲಿ ಬಾಗಿಲು ಹಾಕಿಕೊಂಡಿದ್ದ ಮನೆಗಳ ಜಗಲಿಯ ಮೇಲೆ ತರಕಾರಿ ಚೀಲ ಇಟ್ಟು ಬರುವಷ್ಟು ಇತ್ತು.

ಶಾಲೆ ಮುಚ್ಚಿದ್ದ ಮಕ್ಕಳಿಗೆ ‘ಕಲ್ವಿ’ ಟಿ.ವಿ.ಯಲ್ಲಿ ಪಾಠ ಬರುತ್ತಿತ್ತು. ಟಿ.ವಿ. ಪ್ರಶ್ನೆ ಕೇಳಿದರೆ ಉತ್ತರ ಕೊಡದು. ನಮ್ಮ ಬೀದಿಯ ಮಕ್ಕಳು ಮಡಿಯ ಉದ್ದಗಲ ಅಳೆದು ವಿಸ್ತೀರ್ಣ ಕಲಿತರು, ಗಾಡಿಯ ಲೆಕ್ಕ ಬರೆದು ಲಾಭನಷ್ಟ ಕಲಿತರು.

ನಾವು ಹೇಳತಕ್ಕದ್ದು

ಒಂದು: ಪೇಟೆಯ ಬೆಳೆ ಬೇಡವೆಂದಲ್ಲ. ನಾವಿನ್ನೂ ಕರಿಬೇವು ಬೆಳೆಯುತ್ತೇವೆ. ಆದರೆ ನೀರಿನ ಬದಿಯ ಹತ್ತು ಹದಿನೈದು ಸೆಂಟು ಮನೆಯ ಅಡಿಗೆಗೆ ಮೀಸಲಿರಲಿ.

ಎರಡು: ಒಂದೇ ಬೆಳೆ, ಒಂದೇ ಪೇಟೆ, ಒಬ್ಬನೇ ವ್ಯಾಪಾರಿ ಎಂದು ನೆಚ್ಚಿ ಕೂರಬಾರದು.

ಮೂರು: ಬಿತ್ತಲು ಬೀಜವೂ, ಆರು ತಿಂಗಳಿಗೆ ರಾಗಿಯೂ ಮನೆಯಲ್ಲಿರಲಿ. ರಾಗಿ ಬೇಗ ಹುಳ ಹಿಡಿಯುವ ಧಾನ್ಯವಲ್ಲ.

ನಾಲ್ಕು: ಸಾಲ ಬೇಕಾದರೆ ಮೊದಲು ಸಹಕಾರ ಸಂಘದ ಬಾಗಿಲು ತಟ್ಟಿರಿ, ಪಟ್ಟಾ, ಪಾಸ್‌ಬುಕ್ಕು ಸರಿಯಾಗಿಟ್ಟುಕೊಳ್ಳಿರಿ.

ಐದು: ಕೂಲಿಗೆ ಬರುವವರ ಒಲೆ ಉರಿಯುತ್ತದೆಯೇ ಎಂದು ಕೇಳಿರಿ. ಕೆಲಸವಿರುವ ದಿನ ಕರೆಯುವುದು ಸುಲಭ, ಇಲ್ಲದ ದಿನ ನೆನೆಯುವುದು ಕಷ್ಟ.

ಆ ಹಿರಿಯಾಕೆ ಈಗಲೂ ನಮ್ಮ ಹೊಲಕ್ಕೆ ಬರುತ್ತಾಳೆ. ಎಲೆ ಕೊಯ್ದು ಮುಗಿಸಿ, ಯಾರನ್ನೂ ಕೇಳದೆ, ಮಡಿಯಿಂದ ಒಂದು ಹಿಡಿ ಸೊಪ್ಪು ಕಿತ್ತು ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಅದು ಹಾಗೆಯೇ ನಡೆಯಲಿ ಎಂದು ಮಡಿಗೆ ನೀರು ತಪ್ಪಿಸಿಲ್ಲ.