ಬಾಡಿಗೆ ಮನೆಯ ಪಂದಿ ಬರ್ಗರ್

ಹ್ಯಾಮ್‌ಬರ್ಗರ್‌ನ ಹೆಸರಿನಲ್ಲಿ ಹ್ಯಾಮ್ ಇದೆ, ಒಳಗೆ ಇಲ್ಲ. ಹ್ಯಾಮ್ ಎಂದರೆ ಹಂದಿಯ ತೊಡೆ ಮಾಂಸ. ಆದರೆ ಬರ್ಗರ್‌ಗೆ ಆ ಹೆಸರು ಬಂದದ್ದು ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿನಿಂದ; ಬನ್ನಿನ ನಡುವೆ ಇಡುತ್ತಿದ್ದದ್ದು ದನದ ಮಾಂಸ. ನಮ್ಮ ದೇಶಕ್ಕೆ ಬರುವಾಗ ಅದು ಇನ್ನೊಂದು ವೇಷ ಹಾಕಿಕೊಂಡಿತು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತದಲ್ಲಿ ಮೊದಲ ಅಂಗಡಿ ತೆರೆದಾಗ ಮೆನುವಿನಲ್ಲಿ ಬೀಫೂ ಇರಲಿಲ್ಲ, ಪೋರ್ಕೂ ಇರಲಿಲ್ಲ. ನಮ್ಮ ತಲೆಮಾರಿಗೆ ಬರ್ಗರ್ ಎಂದರೆ ಆಲೂ ಟಿಕ್ಕಿ, ಇಲ್ಲವೇ ಚಿಕನ್. ಪೋರ್ಕ್ ಬರ್ಗರ್ ಎಂದರೆ ಬೆಂಗಳೂರಿನ ಯಾವುದೋ ಪಬ್‌ನಲ್ಲಿ ಸಿಗುವ, ನಮ್ಮ ಪಾಕೆಟ್ ಮನಿಗೆ ನಿಲುಕದ ತಿನಿಸು.

ನಾನು ಕೊಡಗಿನವಳು. ನಮ್ಮಲ್ಲಿ ಹಂದಿ ಮಾಂಸ ಹಬ್ಬದ ಅಡುಗೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬಕ್ಕೆ ಪಂದಿ ಕರಿ, ಕಡಂಬುಟ್ಟು ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಹಿಂದೆ ಬೇಟೆಯಾಡಿ ತಂದ ಕಾಡುಹಂದಿಯಿಂದ ಮಾಡುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು; ಈಗ ಎಲ್ಲವೂ ಸಾಕಿದ ಹಂದಿಯದ್ದೇ. ಊರಲ್ಲಿ ಇಷ್ಟು ಮರ್ಯಾದೆ ಇರುವ ಈ ಮಾಂಸ, ಓದಲು ಮೈಸೂರಿಗೆ ಬಂದು ಬಾಡಿಗೆ ಮನೆ ಹುಡುಕುವಾಗ ಮಾತ್ರ ಪಿಸುಮಾತಾಗುತ್ತದೆ. “ನಾನ್‌ವೆಜ್ ಮಾಡ್ತೀರೇನಮ್ಮಾ?” ಎಂದು ಕೇಳುತ್ತಾರೆ. “ಹೌದು ಆಂಟಿ” ಎಂದರೆ ಮುಖ ಸ್ವಲ್ಪ ಗಂಟಾಗುತ್ತದೆ. “ಚಿಕನ್ ತಾನೇ?” ಎಂಬ ಮುಂದಿನ ಪ್ರಶ್ನೆಗೆ ನಿಜ ಹೇಳಿದರೆ ಮನೆ ಕೈತಪ್ಪುತ್ತದೆ. ನಿಜ ಹೇಳಿಯೂ ಮನೆ ಸಿಕ್ಕಿದ್ದು ಆರನೇ ಕಡೆ. ಓನರ್ ಆಂಟಿಯ ಷರತ್ತು ಎರಡೇ: ಭಾನುವಾರ ಮಾತ್ರ, ಮತ್ತು ವಾಸನೆ ಮೆಟ್ಟಿಲಿಗೆ ಬರಬಾರದು.

ಪಂದಿ ಕರಿಗೆ ಈ ಷರತ್ತು ಒಗ್ಗುವುದಿಲ್ಲ. ಅದು ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಬೇಕು. ಅಷ್ಟು ಹೊತ್ತಿಗೆ ಪರಿಮಳ ಮೆಟ್ಟಿಲಿಳಿದು ಬೀದಿ ತುದಿ ಮುಟ್ಟಿರುತ್ತದೆ, ಸಿಲಿಂಡರೂ ಬರಿದಾಗುತ್ತದೆ. ಬರ್ಗರ್ ಹಾಗಲ್ಲ. ಕಾವಲಿ ಮೇಲೆ ಹತ್ತು ಹನ್ನೆರಡು ನಿಮಿಷದ ಕೆಲಸ. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗಿಯಿತು. ಅದಕ್ಕೇ ನಾನು ಇದನ್ನು ಬಾಡಿಗೆ ಮನೆಯ ಪಂದಿ ಕರಿ ಎನ್ನುವುದು.

ಮೊದಲು ಒಪ್ಪಂದ, ಆಮೇಲೆ ಒಲೆ

ನಮ್ಮ ಮನೆಯಲ್ಲಿ ನಾಲ್ವರು ಹುಡುಗಿಯರು. ಧಾರವಾಡದವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೀದರ್‌ನವಳು ಮಾಂಸ ತಿನ್ನುತ್ತಾಳೆ, ಆದರೆ ಅವಳ ಧರ್ಮದಲ್ಲಿ ಹಂದಿ ನಿಷಿದ್ಧ. ಮೂಡುಬಿದಿರೆಯವಳು ಕ್ಯಾಥೊಲಿಕ್; ಅವಳ ಮನೆಯಲ್ಲೂ ಹಬ್ಬಕ್ಕೆ ಹಂದಿ ಬೇಕೇ ಬೇಕು. ಒಂದೇ ಅಡುಗೆಮನೆ, ಒಂದೇ ಫ್ರಿಡ್ಜ್.

ಮನೆಗೆ ಬಂದ ಮೊದಲ ವಾರವೇ ಕೂತು ಮಾತಾಡಿದೆವು. ಬೀದರ್‌ನವಳು ನೇರವಾಗಿ ಹೇಳಿದಳು: “ನೀ ಮಾಡ್ಕೋ, ನಂದೇನೂ ತಕರಾರಿಲ್ಲ. ನನ್ನ ಭಾಂಡೆ ಮುಟ್ಟಬ್ಯಾಡ ಅಷ್ಟ.” ಅದು ಸರಿಯಾದ ಮಾತು. ಹಂದಿಗೆಂದೇ ಬೇರೆ ಕಾವಲಿ, ಚಾಕು, ಹಲಗೆ, ಮಿಕ್ಸಿ ಜಾರ್, ಪಾತ್ರೆ ತೊಳೆಯುವ ಸ್ಪಂಜು ತಂದೆವು. ಅವೆಲ್ಲ ಬಾಲ್ಕನಿಯ ಒಂದು ಪೆಟ್ಟಿಗೆಯಲ್ಲಿರುತ್ತವೆ. ಮಾಂಸ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಫ್ರಿಡ್ಜ್‌ನ ಕೆಳಗಿನ ತಟ್ಟಿನಲ್ಲಿ. ಭಾನುವಾರ ಅವರಿಬ್ಬರಿಗೆ ಆಲೂ ಪ್ಯಾಟಿ ಮೊದಲು, ಮನೆಯ ಕಾವಲಿಯಲ್ಲಿ ಆಗುತ್ತದೆ. ಅವರದು ಮುಗಿದ ಮೇಲೆ ನಮ್ಮದು. ನಾಲ್ವರೂ ಊಟಕ್ಕೆ ಕೂರುವುದು ಒಟ್ಟಿಗೇ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಓದು ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಹೋಗುವ ನಾವೆಲ್ಲ ಇನ್ನೂ ಎಷ್ಟೋ ವರ್ಷ ಹಂಚಿಕೊಂಡ ಅಡುಗೆಮನೆಗಳಲ್ಲೇ ಬದುಕಬೇಕು. ಕದ್ದು ಮುಚ್ಚಿ ಮಾಡಿದ ಅಡುಗೆ ಗಂಟಲಲ್ಲಿ ಇಳಿಯುವುದಿಲ್ಲ. ಹೇಳಿ, ಕೇಳಿ, ಬೇರೆ ಪಾತ್ರೆಯಲ್ಲಿ ಮಾಡಿದರೆ ನಮ್ಮ ಊಟಕ್ಕೂ ಮರ್ಯಾದೆ, ಅವರ ನಂಬಿಕೆಗೂ ಮರ್ಯಾದೆ.

ಕೊಬ್ಬು ಬೇಕು, ತಣ್ಣಗಿರಬೇಕು

ಈಗ ಅಡುಗೆಗೆ ಬರೋಣ. ಮನೆಯಲ್ಲಿ ಮಾಡಿದ ಬರ್ಗರ್ ಬಗ್ಗೆ ಎಲ್ಲರ ದೂರು ಒಂದೇ: ಒಣಗಿ ರಬ್ಬರ್ ಆಗುತ್ತದೆ. ಮಸಾಲೆ ಎಷ್ಟು ಸುರಿದರೂ ಆ ದೋಷ ಹೋಗುವುದಿಲ್ಲ. ಏಕೆಂದರೆ ರುಚಿಯ ಅರ್ಧ ಪಾಲು ಮಸಾಲೆಯಲ್ಲಿಲ್ಲ, ಕೊಬ್ಬಿನಲ್ಲಿದೆ. ಅಂಗಡಿಯಲ್ಲಿ “ಕೊಬ್ಬು ತೆಗೆದು ಕೊಡಿ ಅಣ್ಣಾ” ಎನ್ನಬೇಡಿ. ಭುಜದ ಭಾಗ ಕೇಳಿ. ಲೆಕ್ಕ ಸುಲಭ: 400 ಗ್ರಾಂ ಮಾಂಸಕ್ಕೆ 100 ಗ್ರಾಂ ಕೊಬ್ಬು. ಈ ಅರ್ಧ ಕಿಲೋದಲ್ಲಿ 125 ಗ್ರಾಂನ ನಾಲ್ಕು ಪ್ಯಾಟಿ ಆಗುತ್ತವೆ.

ಹಂದಿಯ ಕೊಬ್ಬು ಅಂಗೈ ಬಿಸಿಗೇ ಮೆತ್ತಗಾಗುತ್ತದೆ. ರುಬ್ಬುವಾಗಲೇ ಕರಗಿದರೆ ಮಾಂಸಕ್ಕೆ ಮೆತ್ತಿಕೊಂಡು, ಕಾವಲಿಗೆ ಬಿದ್ದೊಡನೆ ಹರಿದುಹೋಗುತ್ತದೆ. ಹಾಗಾಗದಿರಲು ಮಾಂಸವನ್ನು ಸಣ್ಣ ತುಂಡು ಮಾಡಿ, ತಟ್ಟೆಯಲ್ಲಿ ಹರಡಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಅಂಚು ಗಟ್ಟಿಯಾಗಿ, ನಡು ಇನ್ನೂ ಮೆತ್ತಗಿರಬೇಕು. ಮಿಕ್ಸಿ ಜಾರನ್ನೂ ಜೊತೆಗೇ ಇಡಿ. ಆಮೇಲೆ ಒಂದೊಂದೇ ಹಿಡಿ ಹಾಕಿ, ಮಿಕ್ಸಿಯ ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ. ನಾಲ್ಕೈದು ಸಲ ಸಾಕು. ತರಿತರಿಯಾಗಿರಬೇಕು, ಚಟ್ನಿಯಾಗಬಾರದು. ಮಿಕ್ಸಿ ಇಲ್ಲವೇ? ಹರಿತವಾದ ಚಾಕುವಿನಲ್ಲಿ ಕೊಚ್ಚಿದರೆ ಇನ್ನೂ ಚೆನ್ನ, ತೋಳು ಸ್ವಲ್ಪ ನೋಯುತ್ತದೆ.

ಕಪ್ಪಗೆ ಹುರಿದ ಮಸಾಲೆ

ಪಂದಿ ಕರಿಯ ಬಣ್ಣ ಕಪ್ಪು. ಅದಕ್ಕೆ ಎರಡು ಕಾರಣ. ಒಂದು, ಹುರಿದ ಮಸಾಲೆ. ಇನ್ನೊಂದು, ಕಾಚಂಪುಳಿ.

ಅರ್ಧ ಕಿಲೋ ಮಾಂಸಕ್ಕೆ ಎರಡು ಟೀ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಒಂದೂವರೆ ಚಮಚ ಕಾಳುಮೆಣಸು, ಅರ್ಧ ಚಮಚ ಸಾಸಿವೆ, ಏಳೆಂಟು ಕಾಳು ಮೆಂತ್ಯ. ಸಣ್ಣ ಉರಿಯಲ್ಲಿ, ಕೈ ಬಿಡದೆ, ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿಯಬೇಕು. ಸೀದರೆ ಕಹಿ, ಆ ಗೆರೆಯ ಹತ್ತಿರ ಹೋಗಿ ನಿಲ್ಲಿಸುವುದೇ ಕೈಗುಣ. “ಹೊಗೆ ಬರೋಕೆ ಮುಂಚೆ ಘಮ ಬರುತ್ತೆ, ಆಗ ಇಳಿಸು” ಎಂಬುದು ಅವ್ವ ಫೋನಿನಲ್ಲಿ ಕೊಟ್ಟ ಸೂತ್ರ. ಆರಿದ ಮೇಲೆ ತರಿಯಾಗಿ ಪುಡಿ ಮಾಡಿ. ಇದರಲ್ಲಿ ಎರಡು ಚಮಚ ಮಾಂಸಕ್ಕೆ, ಉಳಿದದ್ದು ಡಬ್ಬಕ್ಕೆ.

ಒಂದು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಎರಡು ಹಸಿಮೆಣಸಿನಕಾಯಿ. ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಸ್ವಲ್ಪ ಬಾಡಿಸಿ, ಪೂರ್ತಿ ಆರಿಸಿ ಸೇರಿಸಿ. ಹಸಿ ಈರುಳ್ಳಿ ನೀರು ಬಿಟ್ಟು ಪ್ಯಾಟಿಯನ್ನು ಒಡೆಯುತ್ತದೆ. ಬಿಸಿ ಈರುಳ್ಳಿ ಕೊಬ್ಬನ್ನು ಕರಗಿಸುತ್ತದೆ. ಮೊಟ್ಟೆ, ಬ್ರೆಡ್ ಪುಡಿ ಏನೂ ಬೇಡ.

ಉಪ್ಪು ಕೊನೆಗೆ. ಇಲ್ಲಿ ಒಂದಿಷ್ಟು ವಿಜ್ಞಾನವಿದೆ. ಉಪ್ಪು ಮಾಂಸದ ಮಯೋಸಿನ್ ಎಂಬ ಪ್ರೋಟೀನನ್ನು ಕರಗಿಸಿ ಅಂಟು ಮಾಡುತ್ತದೆ. ಸಾಸೇಜ್‌ಗೆ ಆ ಅಂಟು ಬೇಕು. ಬರ್ಗರ್‌ಗೆ ಬೇಡ, ಅದು ಬಾಯಲ್ಲಿ ಉದುರಬೇಕು. ಹಾಗಾಗಿ ಉಪ್ಪಿಲ್ಲದೆ ಹಗುರವಾಗಿ ಕಲಸಿ, ಪ್ಯಾಟಿ ತಟ್ಟಿ, ಕಾವಲಿಗೆ ಹಾಕುವ ಕ್ಷಣದಲ್ಲಿ ಎರಡೂ ಬದಿಗೆ ಧಾರಾಳವಾಗಿ ಉದುರಿಸಿ. ನಾಲ್ಕಕ್ಕೂ ಸೇರಿ ಒಂದು ಟೀ ಚಮಚ ಸಾಕು. ಚಪಾತಿ ಹಿಟ್ಟಿನಂತೆ ನಾದಬೇಡಿ.

ಹೀಟ್ ಟ್ರಾನ್ಸ್‌ಫರ್ ಪಾಠ

ಪ್ಯಾಟಿ ಎರಡು ಸೆಂಟಿಮೀಟರ್ ದಪ್ಪ, ಬನ್ನಿಗಿಂತ ಒಂದು ಸೆಂಟಿಮೀಟರ್ ಅಗಲ ಇರಲಿ. ಬೆಂದಾಗ ನೀರು, ಕೊಬ್ಬು ಇಳಿದು ಕುಗ್ಗುತ್ತದೆ. ಅಂಚು ಮೊದಲು ಬಿಗಿದುಕೊಳ್ಳುವುದರಿಂದ ನಡುಭಾಗ ಉಬ್ಬಿ ಚೆಂಡಾಗುತ್ತದೆ. ಹೆಬ್ಬೆರಳಿನಿಂದ ಮಧ್ಯೆ ಒಂದು ಸಣ್ಣ ಗುಳಿ ಮಾಡಿದರೆ ಸಮತಟ್ಟಾಗಿ ಬೇಯುತ್ತದೆ.

ದಪ್ಪ ಕಬ್ಬಿಣದ ದೋಸೆ ಕಾವಲಿಯೇ ಇದಕ್ಕೆ ಶ್ರೇಷ್ಠ. ಒಮ್ಮೆ ಕಾದರೆ ತಣ್ಣನೆಯ ಮಾಂಸ ಬಿದ್ದರೂ ಬಿಸಿ ಬಿಟ್ಟುಕೊಡುವುದಿಲ್ಲ. ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಪ್ಯಾಟಿ ಇಟ್ಟು, ಐದು ನಿಮಿಷ ಮುಟ್ಟಬೇಡಿ. ಸಟ್ಟುಗದಿಂದ ಒತ್ತಲೂಬೇಡಿ, ‘ಚುಂಯ್’ ಎಂದು ಬೆಂಕಿಗೆ ಹೋಗುವುದು ನಿಮ್ಮ ರುಚಿಯೇ. ತಳದಲ್ಲಿ ಕಂದು ಹೊರಪದರ ಕಟ್ಟುವುದನ್ನು 1912ರಲ್ಲಿ ಫ್ರಾನ್ಸ್‌ನ ಲೂಯಿ ಕಮೀಲ್ ಮೆಯಾರ್ ವಿವರಿಸಿದ ರಾಸಾಯನಿಕ ಕ್ರಿಯೆ ಎನ್ನುತ್ತಾರೆ. ಪ್ರೋಟೀನಿನ ಅಮಿನೋ ಆಮ್ಲ ಮತ್ತು ಸಕ್ಕರೆಯಂಶ ಬಿಸಿಗೆ ಸೇರಿ ನೂರಾರು ಹೊಸ ಪರಿಮಳಗಳಾಗುತ್ತವೆ. ಹುರಿದ ಕಾಫಿ ಬೀಜದ ಘಮದಲ್ಲೂ ಇದರ ಪಾಲಿದೆ. ಮೇಲ್ಮೈ ಒದ್ದೆಯಿದ್ದರೆ ಉಷ್ಣತೆ 100 ಡಿಗ್ರಿ ದಾಟದೆ ಈ ಕ್ರಿಯೆ ತಡವಾಗುತ್ತದೆ. ಅದಕ್ಕೇ ಪ್ಯಾಟಿಯ ಹೊರಭಾಗ ಒಣಗಿರಬೇಕು.

ತಿರುಗಿಸಿ, ಇನ್ನೊಂದು ಬದಿಯನ್ನೂ ಐದು ನಿಮಿಷ ಬೇಯಿಸಿ. ಕೊನೆಯ ಎರಡು ನಿಮಿಷ ಮುಚ್ಚಳ ಹಾಕಿ.

ಇಲ್ಲಿ ಮಾತ್ರ ರಾಜಿ ಬೇಡ

ವಿದೇಶಿ ವಿಡಿಯೊಗಳಲ್ಲಿ ಒಳಗೆ ಗುಲಾಬಿ ಬಣ್ಣ ಉಳಿಸಿದ ಬರ್ಗರ್ ನೋಡಿರುತ್ತೀರಿ. ನಮ್ಮ ಹಂದಿ ಬರ್ಗರ್‌ಗೆ ಅದು ಬೇಡವೇ ಬೇಡ. ಇಡೀ ತುಂಡಿನ ಮೇಲೆ ಇರಬಹುದಾದ ಬ್ಯಾಕ್ಟೀರಿಯಾ ಕೊಚ್ಚುವಾಗ ಒಳಗೆಲ್ಲ ಹರಡುತ್ತದೆ. ಕೊಚ್ಚಿದ ಹಂದಿ ಮಾಂಸದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ಕೆಲವೊಮ್ಮೆ ಮೋಸ ಮಾಡುತ್ತದೆ, ಆದ್ದರಿಂದ ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ನಾಲ್ವರು ಹಂಚಿಕೊಂಡರೆ ಭಾರವಾಗುವುದಿಲ್ಲ.

ಹಂದಿ ಎಂದರೆ ‘ಮಿದುಳಿಗೆ ಹುಳ’ ಎಂಬ ಭಯ ಹಲವರಿಗಿದೆ. ನಡೆಯುವುದು ಹೀಗೆ: ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಕರುಳಿನಲ್ಲಿ ಟೀನಿಯಾ ಸೋಲಿಯಂ ಎಂಬ ಲಾಡಿಹುಳು ಬೆಳೆಯಬಹುದು. ಮಿದುಳಿಗೆ ಹೋಗುವುದು ಆ ಹುಳುವಿನ ಮೊಟ್ಟೆಯಿಂದ ಹುಟ್ಟುವ ಮರಿ. ಮೊಟ್ಟೆಗಳು ಹುಳು ಇರುವ ಮನುಷ್ಯನ ಮಲದಲ್ಲಿ ಹೊರಬಂದು, ತೊಳೆಯದ ಕೈ, ಕೊಳಕು ನೀರು, ತೊಳೆಯದ ಸೊಪ್ಪಿನ ಮೂಲಕ ಬೇರೆಯವರ ಹೊಟ್ಟೆ ಸೇರುತ್ತವೆ. ಹಾಗಾಗಿ ಹಂದಿಯನ್ನೇ ಮುಟ್ಟದವರಿಗೂ ಈ ಕಾಯಿಲೆ ಬರಬಹುದು. ತಿನ್ನುವವರ ಜವಾಬ್ದಾರಿ ಎರಡು ಪಟ್ಟು: ಪೂರ್ತಿ ಬೇಯಿಸಬೇಕು, ಸೋಪು ಹಾಕಿ ಕೈ ತೊಳೆಯಬೇಕು. ಇಡೀ ಮನೆಗೆ ನಾವು ಕೊಡಬಹುದಾದ ಭರವಸೆ ಇದೇ.

ಕಾಚಂಪುಳಿಯ ನಾಲ್ಕು ಹನಿ

ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸಿದರೆ ಕಾಚಂಪುಳಿ. ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಂದಿಯ ಜಿಡ್ಡನ್ನು ಕಡಿಯಲು ಇದಕ್ಕಿಂತ ಒಳ್ಳೆಯ ಹುಳಿ ನನಗೆ ಗೊತ್ತಿಲ್ಲ. ಪ್ಯಾಟಿ ತೆಗೆದ ಮೇಲೆ ಕಾವಲಿಯಲ್ಲಿ ಉಳಿದ ಕೊಬ್ಬಿಗೆ ಒಂದು ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ ಹಾಕಿ, ಕೆಂಪಾಗಲು ಬಿಡಿ. ಚಿಟಿಕೆ ಮಸಾಲೆ ಪುಡಿ, ಒಂದು ಚೂರು ಬೆಲ್ಲ, ಅರ್ಧ ಚಮಚ ಕಾಚಂಪುಳಿ. ಮಂದವಾದೊಡನೆ ಇಳಿಸಿ. ಇದೇ ನಮ್ಮ ಸಾಸ್. ಕಾಚಂಪುಳಿ ಸಿಗದಿದ್ದರೆ ದಪ್ಪಗೆ ಕಿವುಚಿದ ಹುಣಸೆಹಣ್ಣು ಅಥವಾ ವಿನೆಗರ್ ಬಳಸಿ. ರುಚಿ ಬೇರೆ, ಕೆಲಸ ಅದೇ.

ಬನ್ನನ್ನು ಅಡ್ಡಕ್ಕೆ ಸೀಳಿ, ಒಳಮುಖವನ್ನು ಅದೇ ಕಾವಲಿಯಲ್ಲಿ ಒತ್ತಿ ಕೆಂಪಗೆ ಮಾಡಿ. ಗರಿಯಾದ ಮುಖ ರಸವನ್ನು ಬೇಗ ಹೀರಿಕೊಳ್ಳುವುದಿಲ್ಲ, ಬನ್ ಕೈಯಲ್ಲಿ ಕರಗುವುದಿಲ್ಲ. ಕೆಳಗೆ ಸೌತೆಕಾಯಿ ಬಿಲ್ಲೆ, ಮೇಲೆ ಪ್ಯಾಟಿ, ಅದರ ಮೇಲೆ ಕಪ್ಪು ಈರುಳ್ಳಿ. ಚೀಸ್ ಬೇಕಾದವರು ಹಾಕಿಕೊಳ್ಳಿ. ಟೊಮೆಟೊ ಕೆಚಪ್ ಮಾತ್ರ ದಯವಿಟ್ಟು ಬೇಡ.

ಮೂಡುಬಿದಿರೆಯವಳು ಊರಿನಿಂದ ಬಾಫಾತ್ ಪುಡಿ ತಂದ ವಾರ ನಮ್ಮ ಬರ್ಗರ್ ಕೆಂಪಾಗುತ್ತದೆ. ಅವರ ಮನೆಯಲ್ಲಿ ದುಕ್ರಾ ಮಾಸ್ ಸಣ್ಣದ ಜೊತೆ. ಇಲ್ಲಿ ಬನ್ನಿನ ಜೊತೆ. ಯಾವುದು ಹೆಚ್ಚು ರುಚಿ ಎಂಬ ವಾದ ಇಬ್ಬರ ನಡುವೆ ಇನ್ನೂ ಮುಗಿದಿಲ್ಲ. ತೀರ್ಪು ಹೇಳಬೇಕಾದ ಉಳಿದಿಬ್ಬರು ಆಲೂ ಬರ್ಗರ್ ತಿನ್ನುತ್ತಾ ನಗುತ್ತಾರೆ.

ಅವರ ಆಲೂ ಪ್ಯಾಟಿಗೂ ಈಗ ಕಪ್ಪಗೆ ಹುರಿದ ಅದೇ ಮಸಾಲೆ ಬೀಳುತ್ತದೆ, ಬೇರೆ ಚಮಚದಲ್ಲಿ. ಧಾರವಾಡದವಳು ಕಳೆದ ರಜೆಗೆ ಊರಿಗೆ ಹೋಗುವಾಗ ಅದನ್ನು ಸಣ್ಣ ಡಬ್ಬದಲ್ಲಿ ಕಟ್ಟಿಕೊಂಡು ಹೋದಳು. ಬದನೆಕಾಯಿ ಎಣ್ಣೆಗಾಯಿಗೆ ಹಾಕಿ ನೋಡುತ್ತಾಳಂತೆ.