ಸಂಶೋಧನೆಗೆ ದುಡ್ಡು ಯಾರು ಕೊಡುತ್ತಾರೆ?

ದಾಂಡೇಲಿಯಿಂದ ಜೋಯಿಡಾ ಮಾರ್ಗವಾಗಿ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ, ಅಣಶಿಯಲ್ಲಿ ಒಬ್ಬ ತಾಯಿ ಮತ್ತು ಮಗಳು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಮಗಳು ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಪಿಎಚ್.ಡಿ. ಮಾಡುವ ಆಸೆ. ನಾನು ಶಿಕ್ಷಕಿಯೆಂದು ತಿಳಿದೊಡನೆ ತಾಯಿ ಕೇಳಿದರು:

"ಅಕ್ಕೋರೆ, ಇವಳು ಮಂಗನ ಕಾಯಿಲೆ ಮೇಲೆ ಸಂಶೋಧನೆ ಮಾಡ್ತೀನಿ ಅಂತಾಳೆ. ಐದು ವರ್ಷ ಬೇಕಂತೆ. ಅದಕ್ಕೆ ದುಡ್ಡು ಯಾರು ಕೊಡ್ತಾರೆ?"

ಸಹೋದರಿಯರೇ, ಇದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ. ಕಾಡಿನಂಚಿನಲ್ಲಿ ಬದುಕುವ ನಮ್ಮೆಲ್ಲರ ಪ್ರಶ್ನೆ.

ಒಂದು ಕಾಯಿಲೆ, ಹಲವು ಕೈಗಳ ಹಣ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಜನರಿಗೂ ಜ್ವರ ಬಂತು. ಉಣುಗು ಕಚ್ಚುವುದರಿಂದ ಹರಡುವ ಈ ರೋಗದ ವೈರಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಅದನ್ನು ಸ್ಥಾಪಿಸಿದ್ದವು.

ಈ ವೈರಸ್ ರಷ್ಯಾದ ಒಂದು ರೋಗದ ವೈರಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿದರು. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಯ ಹಣ ಬಂದಾಗ ಅದರ ಉದ್ದೇಶವೇನೆಂದು ದೇಶದಲ್ಲಿ ಪ್ರಶ್ನೆಗಳೆದ್ದವು. ಹಣ ಎಷ್ಟು ಬಂತು ಎಂಬುದರ ಜೊತೆಗೆ ಯಾರಿಂದ ಬಂತು ಎಂಬುದನ್ನೂ ಜನ ಕೇಳುತ್ತಾರೆ.

1967ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಪುಣೆಯ ಕೇಂದ್ರಕ್ಕೆ ಕೊಡುತ್ತಿದ್ದ ನೆರವನ್ನು ಹಿಂತೆಗೆದುಕೊಂಡಿತು. ಆದರೆ ಕೇಂದ್ರ ಮುಚ್ಚಲಿಲ್ಲ. ಐಸಿಎಂಆರ್ ಪೂರ್ಣ ಹೊಣೆ ಹೊತ್ತಿತು. ಅದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಲಸಿಕೆಯ ಕಥೆ ಇಷ್ಟು ಸುಖಾಂತವಲ್ಲ. 2005ರಿಂದ 2010ರವರೆಗಿನ ಮಾಹಿತಿಯ ಅಧ್ಯಯನವೊಂದರ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಹಳೆಯ ಲಸಿಕೆಯ ರಕ್ಷಣೆ ಸುಮಾರು ಶೇ. 62 ಮಾತ್ರ. ಪರಿಣಾಮ ಸಾಲದೆಂದು 2022ರ ಹೊತ್ತಿಗೆ ಅದನ್ನು ಕೊಡುವುದೇ ನಿಂತಿತು. ಐಸಿಎಂಆರ್ ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಗೆ ಕೈಹಾಕಿದೆ. ಈ ನಡುವೆ ರೋಗ ಸುಮ್ಮನಿಲ್ಲ. 2015ರಲ್ಲಿ ಗೋವಾದ ಸತ್ತರಿಯಲ್ಲೂ 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲೂ ಅದು ಕಾಣಿಸಿಕೊಂಡಿದೆ. ಒಣಎಲೆ, ಸೌದೆ ತರಲು ಕಾಡಿಗೆ ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಸಂಶೋಧನೆ ತಡವಾದರೆ ಅದರ ಬೆಲೆ ತೆರುವವರು ಅವರೇ.

ಮುಚ್ಚಿದ ಬಾಗಿಲು

ಸಂಶೋಧನೆಗೆ ಸಂಸ್ಥೆಯಿದ್ದರೆ ಸಾಲದು, ಕೆಲಸ ಮಾಡುವ ಕೈಗಳೂ ಬೇಕು. ನಮ್ಮ ಹೆಣ್ಣುಮಕ್ಕಳ ಕೈ ಹಿಡಿದದ್ದು 2009ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್. ಆರು ಅಲ್ಪಸಂಖ್ಯಾತ ಸಮುದಾಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಐದು ವರ್ಷದವರೆಗೆ ಮಾಸಿಕ ಹಣ. ಅದರಲ್ಲಿ ಶೇ. 30 ಮಹಿಳೆಯರಿಗೆ ಮೀಸಲು.

2022ರ ಡಿಸೆಂಬರ್‌ನಲ್ಲಿ ಸರಕಾರ ಇದನ್ನು ನಿಲ್ಲಿಸಿರುವುದಾಗಿ ಲೋಕಸಭೆಯಲ್ಲಿ ತಿಳಿಸಿತು. ಇದೇ ಬಗೆಯ ಬೇರೆ ಯೋಜನೆಗಳಿವೆ ಎಂಬುದು ಕೊಟ್ಟ ಕಾರಣ. ಮೊದಲೇ ಆಯ್ಕೆಯಾದವರಿಗೆ ಅವಧಿ ಮುಗಿಯುವವರೆಗೆ ಹಣ ಸಿಗುತ್ತದೆಂದರು. ಆದರೆ 2025ರಲ್ಲಿ ಅವರಲ್ಲೂ ಅನೇಕರು ತಿಂಗಳುಗಟ್ಟಲೆ ಹಣವಿಲ್ಲದೆ ಪರದಾಡಿದರು.

ಇಂಥ ಕಷ್ಟ ನಮ್ಮಲ್ಲಿ ಮಾತ್ರವೇ ಇದೆಯೆಂದು ಭಾವಿಸಬೇಡಿ. 2025ರಲ್ಲಿ ಅಮೆರಿಕದ ಸರಕಾರವೂ ತನ್ನ ವಿಶ್ವವಿದ್ಯಾನಿಲಯಗಳ ವೈದ್ಯಕೀಯ ಸಂಶೋಧನೆಯ ಅನುದಾನಕ್ಕೆ ಕತ್ತರಿ ಹಾಕಲು ಹೊರಟು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಸರಕಾರದ ಧೋರಣೆ ಬದಲಾದರೆ ಶ್ರೀಮಂತ ದೇಶದ ಪ್ರಯೋಗಾಲಯಕ್ಕೂ ಬಿಸಿ ತಟ್ಟುತ್ತದೆ.

ತೆರೆದಿರುವ ದಾರಿಗಳು

ಹಾಗಾದರೆ ಮಗಳ ಓದು ನಿಲ್ಲಿಸಬೇಕೇ? ಬೇಡ. ಆ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದು, ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ. ಇದರಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಬಳಿಕ 42,000 ರೂ. ನಿಗದಿಯಾಗಿದೆ. ಇದು ಯಾವುದೇ ಒಂದು ಸಮುದಾಯಕ್ಕೆ ಸೀಮಿತವಲ್ಲ, ಅಂಕ ನೋಡಿ ಕೊಡುವುದು. ಆದ್ದರಿಂದ ತಯಾರಿ ಎಂ.ಎಸ್ಸಿ. ಮೊದಲ ವರ್ಷದಲ್ಲೇ ಶುರುವಾಗಲಿ. ವಯೋಮಿತಿಯಲ್ಲಿ ಮಹಿಳೆಯರಿಗೆ 5 ವರ್ಷ ಸಡಿಲಿಕೆಯಿದೆ.

ಎರಡನೆಯದು, ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಪಿಎಚ್.ಡಿ. ಫೆಲೋಶಿಪ್. ಇದರ ಮೊತ್ತವೂ ಸರಕಾರದಿಂದ ಸರಕಾರಕ್ಕೆ ಇಳಿದು ಏರಿದೆ. ಆದ್ದರಿಂದ ಪ್ರತಿ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಬೇಕು.

ಮೂರನೆಯದು, ಮದುವೆಯಾದ ಕೂಡಲೇ ಸಂಶೋಧನೆ ಮುಗಿಯಿತೆಂದು ತಿಳಿಯುವ ಮನೆಗಳಿಗಾಗಿ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ. ಮಾಡುವ ಮಹಿಳೆ ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನ ರಜೆ ಪಡೆಯಬಹುದು. ಅವಧಿ ವಿಸ್ತರಣೆಯಲ್ಲೂ ಎರಡು ವರ್ಷ ಹೆಚ್ಚು ಸಿಗುತ್ತದೆ. ಸಂಬಂಧ ನೋಡುವಾಗಲೇ ಗಂಡಿನ ಮನೆಯವರಿಗೆ ಇದನ್ನು ತಿಳಿಸಿ.

ಕೊನೆಯದು, ಮನೆಯ ಲೆಕ್ಕ. ಫೆಲೋಶಿಪ್ ಮಂಜೂರಾದರೂ ಕೈಗೆ ಬರುವುದು ತಡವಾಗಬಹುದು. ಆರು ತಿಂಗಳ ಖರ್ಚಿನ ಹಣ ಬೇರೆಯಾಗಿಡಿ. ಅಷ್ಟು ಕೂಡಿಡಲಾಗದ ಕುಟುಂಬ ನಿಮ್ಮ ಮೊಹಲ್ಲಾದಲ್ಲಿದ್ದರೆ ಜಮಾಅತ್‌ನವರು ಆ ಆರು ತಿಂಗಳಿಗೆ ಸಾಲವಾಗಿಯಾದರೂ ಆಸರೆಯಾಗಬೇಕು. ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚುವ ನಾವು ಸಂಶೋಧನೆಯ ಹುಡುಗಿಯನ್ನು ಮರೆತೇಬಿಡುತ್ತೇವೆ.

ಬಸ್ಸು ಘಟ್ಟವಿಳಿದು ಕದ್ರಾ ತಲುಪುವವರೆಗೂ ಆ ಹುಡುಗಿ ಇದನ್ನೆಲ್ಲ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ತಾಯಿ ಮಾತ್ರ ಕಿಟಕಿಯಾಚೆ ಕಾಡನ್ನೇ ನೋಡುತ್ತಿದ್ದರು. ಇಳಿಯುವ ಮೊದಲು ಹೇಳಿದರು:

"ಆರು ತಿಂಗಳದ್ದು ಹ್ಯಾಗಾದ್ರೂ ಮಾಡ್ತೀನಿ ಅಕ್ಕೋರೆ. ಉಣುಗು ಕಚ್ಚಿಸಿಕೊಂಡವಳು ನಾನು. ಇವಳು ಓದಲಿ."