ಕೂಲಿಕಾರನ ಹೆಸರನ್ನು ಬರೆದಿಟ್ಟ ಪುಸ್ತಕಗಳು

ಸಂತ ಮತ್ತಾಯರ ಶುಭಸಂದೇಶ ಆರಂಭವಾಗುವುದೇ ಒಂದು ವಂಶಾವಳಿಯಿಂದ. ಸಂತ ಲೂಕರು ಪ್ರಭು ಯೇಸುವಿನ ಜನನವನ್ನು ವರ್ಣಿಸುವ ಮುನ್ನ ಪ್ರಸ್ತಾಪಿಸುವುದು ಚಕ್ರವರ್ತಿ ಔಗುಸ್ತನ ಜನಗಣತಿಯನ್ನು. ಹೀಗೆ ವಂಶಾವಳಿ ಮತ್ತು ಜನಗಣತಿ ಎರಡೂ ನಮ್ಮ ವಿಶ್ವಾಸದ ಹೊಸ್ತಿಲಲ್ಲಿಯೇ ಇವೆ. ಅರಸರ ವಂಶಗಳನ್ನು ಹೇಳಲು ಆಸ್ಥಾನದ ಚರಿತ್ರಕಾರರಿದ್ದರು. ಕೂಲಿ ಮಾಡಿ ಸತ್ತವನ ವಂಶವನ್ನು ಹೇಳುವವರು ಯಾರು? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಮನನ ಮಾಡತಕ್ಕದ್ದಾಗಿದೆ.

ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಹೊರೆ ಹೊರುತ್ತಿದ್ದ ಒಬ್ಬ ಐರಿಷ್ ಕೂಲಿಕಾರನನ್ನು ಕಲ್ಪಿಸಿಕೊಳ್ಳೋಣ. ಆತ ಉಯಿಲು ಬರೆಯಲಿಲ್ಲ. ಬರೆಯಲು ಆಸ್ತಿಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಮದುವೆಯ ದಾಖಲೆಯಲ್ಲಿ ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು ಹಾಕಿದ, ಅಷ್ಟೆ. ಆತನ ಮರಿಮಗ ಇಂದು ಅವನನ್ನು ಹುಡುಕಹೊರಟರೆ ಮೊದಲು ತೆರೆಯುವುದು ಜನಗಣತಿಯ ಪುಸ್ತಕವನ್ನು.

ಇಂಗ್ಲೆಂಡಿನಲ್ಲಿ 1801ರಿಂದ ಹತ್ತು ವರ್ಷಗಳಿಗೊಮ್ಮೆ ಗಣತಿ ನಡೆದರೂ, ದೇಶದಾದ್ಯಂತ ಪ್ರತಿಯೊಬ್ಬರ ಹೆಸರನ್ನೂ ಬರೆದದ್ದು 1841ರಲ್ಲಿ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು, ಮೂವತ್ತನಾಲ್ಕರವನು ಮೂವತ್ತರವನಾದ. ಮನೆಯ ಯಜಮಾನನೊಡನೆ ಸಂಬಂಧ, ನಿಖರ ವಯಸ್ಸು, ಹುಟ್ಟಿದ ಊರು ಇವೆಲ್ಲ ಬಂದದ್ದು 1851ರ ಗಣತಿಯಲ್ಲಿ. ಆದರೆ ಐರ್ಲೆಂಡಿನಲ್ಲಿ ಹುಟ್ಟಿದವರಿಗೆ ಬಹುತೇಕ 'ಐರ್ಲೆಂಡ್' ಎಂಬ ಒಂದೇ ಪದ ಸಾಕಾಯಿತು. ಒಂದು ಇಡೀ ದೇಶವೇ ಅವನ ಊರು! ಗಣತಿದಾರ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. 1851ರಲ್ಲಿ ಇಪ್ಪತ್ತೆರಡು ಎಂದಿದ್ದ ವಯಸ್ಸು 1881ರಲ್ಲಿ ಐವತ್ತೈದಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹುಟ್ಟಿದ ದಿನವನ್ನು ಲೆಕ್ಕವಿಡುವ ಅಭ್ಯಾಸ ಬಡವರ ಮನೆಗಳಲ್ಲಿ ಕಡಿಮೆಯಿತ್ತು.

ಸರ್ಕಾರದ ಜನನ, ವಿವಾಹ, ಮರಣ ನೋಂದಣಿ ಪ್ರಾರಂಭವಾದದ್ದು 1837ರ ಜುಲೈ 1ರಂದು. ವಿವಾಹದ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯರ ಹೆಸರು, ಕಸುಬು ಇರುತ್ತವೆ. ಜನನದ ದಾಖಲೆಯಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ. ಆದರೆ ಜನನವನ್ನು ನೋಂದಾಯಿಸದವರಿಗೆ ದಂಡ ವಿಧಿಸುವ ಕಾನೂನು ಜಾರಿಗೆ ಬಂದದ್ದು 1875ರಲ್ಲಿ. ಅದಕ್ಕೆ ಮುನ್ನ ನೋಂದಣಿ ಕಚೇರಿಯನ್ನೇ ಕಾಣದ ಅನೇಕ ಶಿಶುಗಳಿದ್ದವು. ಅಂಥ ಶಿಶು ದೀಕ್ಷಾಸ್ನಾನದ ಪುಸ್ತಕದಲ್ಲಿ ಸಿಗುವುದುಂಟು.

ಇಲ್ಲಿ ಎರಡು ಬಗೆಯ ಪುಸ್ತಕಗಳನ್ನು ಹೋಲಿಸಿ ನೋಡುವುದು ಒಳಿತು. ಆಂಗ್ಲಿಕನ್ ಧರ್ಮಕೇಂದ್ರಗಳಲ್ಲಿ 1813ರಿಂದ ಮುದ್ರಿತ ನಮೂನೆ ಬಂತು. ಅದರಲ್ಲಿ ತಂದೆಯ ಕಸುಬಿಗೆ ಒಂದು ಅಂಕಣವಿತ್ತು. ಜ್ಞಾನ ತಂದೆತಾಯಿಯರಿಗೆ ಇರಲಿಲ್ಲ. ಕಥೋಲಿಕ ಗುರುಗಳು ಬಹುಮಟ್ಟಿಗೆ ಲತೀನ್ ಭಾಷೆಯಲ್ಲಿ ಬರೆದರು. ಜೇಮ್ಸ್ ಅಲ್ಲಿ ಜಾಕೋಬುಸ್, ವಿಲಿಯಂ ಅಲ್ಲಿ ಗುಲಿಯೆಲ್ಮುಸ್. ಕಸುಬನ್ನು ಅವರು ಸಾಮಾನ್ಯವಾಗಿ ಕೇಳಲಿಲ್ಲ. ಕೇಳಿದ್ದು ಶಿಶುವಿನ ಹೆಸರು, ತಂದೆತಾಯಿಯ ಹೆಸರು, ಜ್ಞಾನ ತಂದೆತಾಯಿಯರ ಹೆಸರು. ದೀಕ್ಷಾಸ್ನಾನ ಹಾಗೂ ವಿವಾಹಗಳನ್ನು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತ್ತು. ದಾಖಲೆಯ ಮಾದರಿಗಳನ್ನು 1614ರ ರೋಮನ್ ವಿಧಿಗ್ರಂಥ ಒದಗಿಸಿತು.

ಸಂಶೋಧಕನಿಗೆ ಜ್ಞಾನ ತಂದೆತಾಯಿಯರ ಈ ಎರಡು ಹೆಸರುಗಳೇ ದಾರಿದೀಪ. ವಲಸೆ ಬಂದವನ ಮಗುವಿಗೆ ಜ್ಞಾನ ತಂದೆಯಾಗಿ ನಿಲ್ಲುತ್ತಿದ್ದವನು ಬಹಳಷ್ಟು ಸಲ ಅಣ್ಣನೋ, ಭಾವಮೈದುನನೋ, ಒಂದೇ ಊರಿನಿಂದ ಬಂದ ನೆರೆಯವನೋ ಆಗಿರುತ್ತಿದ್ದ. ಆ ಹೆಸರನ್ನು ಹಿಡಿದು ಗಣತಿಗೆ ಮರಳಿದರೆ ಅದೇ ಬೀದಿಯಲ್ಲಿ ಆತ ಸಿಗಬಹುದು. ಅವನ ದಾಖಲೆಯಲ್ಲಿ 'ಐರ್ಲೆಂಡ್' ಎಂಬುದರ ಪಕ್ಕದಲ್ಲಿ ಜಿಲ್ಲೆಯ ಹೆಸರೂ ಇರಬಹುದು. ಬಡವನು ಒಂಟಿಯಾಗಿ ಸಿಗುವುದಿಲ್ಲ. ತನ್ನ ಕಷ್ಟಸುಖಕ್ಕೆ ನಿಂತವರ ನಡುವೆ ಸಿಗುತ್ತಾನೆ.

ಐರ್ಲೆಂಡನ್ನು ತಲುಪಿದ ಮೇಲೆ ದೇವಾಲಯದ ಪುಸ್ತಕವೇ ಬಹುತೇಕ ಏಕೈಕ ಆಸರೆ. 1821ರಿಂದ 1851ರವರೆಗಿನ ಐರಿಷ್ ಗಣತಿಯ ಪುಸ್ತಕಗಳಲ್ಲಿ ಬಹುಭಾಗ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಭವನದೊಂದಿಗೆ ಸುಟ್ಟುಹೋಯಿತು. 1861ರಿಂದ 1891ರವರೆಗಿನವುಗಳನ್ನು ಸರ್ಕಾರವೇ ನಾಶಪಡಿಸಿತ್ತು. ಧರ್ಮಕೇಂದ್ರಗಳ ಕಪಾಟಿನಲ್ಲಿದ್ದ ಕಥೋಲಿಕ ಪುಸ್ತಕಗಳು ಉಳಿದವು. ಅವುಗಳ ಛಾಯಾಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಈ ಹುಡುಕಾಟದಲ್ಲಿ ಎರಡು ಪ್ರಲೋಭನೆಗಳಿವೆ. ಹೆಸರು ಹೊಂದಿದ ಕೂಡಲೇ 'ಇವನೇ ನಮ್ಮವನು' ಎಂದು ಅಪ್ಪಿಕೊಳ್ಳುವುದು ಮೊದಲನೆಯದು. ಹೆಸರಿನ ಸಾಮ್ಯದಿಂದ ವ್ಯಕ್ತಿಯ ಐಕ್ಯ ಸಿದ್ಧವಾಗದೆಂದು ತರ್ಕಶಾಸ್ತ್ರ ಓದಿದವರೆಲ್ಲ ಬಲ್ಲರು. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಮೂವರು ಇದ್ದಾರು. ಹೆಂಡತಿಯ ತವರಿನ ಹೆಸರು, ಮಕ್ಕಳ ಕ್ರಮ, ಮನೆಯ ವಿಳಾಸ ಒಂದಕ್ಕೊಂದು ಸಾಕ್ಷಿ ನುಡಿಯುವವರೆಗೆ ಕಾಯಬೇಕು. ಅವಸರಪಟ್ಟರೆ ಪರರ ಅಜ್ಜನನ್ನು ಮನೆ ತುಂಬಿಸಿಕೊಂಡು ನಮ್ಮ ಅಜ್ಜನನ್ನು ಹೊರಗೆ ನಿಲ್ಲಿಸಿದಂತೆ.

ಎರಡನೆಯದು ನಾಚಿಕೆ. ಮುತ್ತಜ್ಜಿ ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯಲ್ಲಿ ಹೆತ್ತಿರಬಹುದು. ತಂದೆಯ ಹೆಸರಿನ ಜಾಗ ಖಾಲಿ ಇರಬಹುದು. ಆ ಪುಟವನ್ನು ಮುಚ್ಚಿಡುವ ಮನಸ್ಸಾಗುತ್ತದೆ. ಸಂತ ಮತ್ತಾಯರು ತಾಮಾರಳನ್ನೂ ರಾಹಾಬಳನ್ನೂ ಪ್ರಭುವಿನ ವಂಶಾವಳಿಯಿಂದ ಅಳಿಸಲಿಲ್ಲ. ಅವರು ಉಳಿಸಿದ್ದನ್ನು ಅಳಿಸಲು ನಾವಾರು?

1847ರಲ್ಲಿ ಬರಗಾಲದಿಂದ ಓಡಿಬಂದ ಸುಮಾರು ಮೂರು ಲಕ್ಷ ಐರಿಷ್ ಜನ ಲಿವರ್‌ಪೂಲಿನಲ್ಲಿ ಇಳಿದರು. ಅವರ ನಡುವೆ ಹಬ್ಬಿದ ಜ್ವರದಲ್ಲಿ ರೋಗಿಗಳ ಸೇವೆಗೈಯುತ್ತ ಹತ್ತು ಮಂದಿ ಕಥೋಲಿಕ ಗುರುಗಳು ಪ್ರಾಣ ತೆತ್ತರು. ಅಂತಿಮ ಅಭ್ಯಂಗ ನೀಡಲು ನೆಲಮಾಳಿಗೆಗಳಿಗೆ ಇಳಿದ ಗುರುಗಳೇ ಮರಳಿ ಬಂದು ಪುಸ್ತಕ ಬರೆಯಬೇಕಾಗಿತ್ತು. ಆ ಪುಟಗಳಲ್ಲಿ ಅಕ್ಷರ ವಕ್ರವಾಗಿದ್ದರೆ ಓದುಗರು ತಾಳ್ಮೆಗೆಡಬಾರದು.

ಇಂಥ ಕೂಲಿಕಾರರ ಮಕ್ಕಳಲ್ಲಿ ಅನೇಕರು ಹೊಟ್ಟೆಪಾಡಿಗೆ ಸೈನ್ಯ ಸೇರಿ ಬೆಂಗಳೂರಿನ ದಂಡಿಗೂ ಬಂದರು. ಅಲ್ಲಿನ ಸಂತ ಪ್ಯಾಟ್ರಿಕರ ದೇವಾಲಯ ತನ್ನ ಹೆಸರಿನಲ್ಲಿಯೇ ಆ ನೆನಪನ್ನು ಹೊತ್ತಿದೆ. ಆದ್ದರಿಂದ ನಮ್ಮ ನಾಡಿನ ದೇವಾಲಯದ ಪುಸ್ತಕವೊಂದರಲ್ಲಿ ಯಾರದೋ ಮುತ್ತಜ್ಜ ಇಂದಿಗೂ ಕಾಯುತ್ತಿರಬಹುದು.

ಕುಟುಂಬದವರಲ್ಲಿ ನಮ್ಮದೊಂದು ವಿನಂತಿ. ದೀಕ್ಷಾಸ್ನಾನಕ್ಕೆ ಮಗುವನ್ನು ತರುವಾಗ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿ, ಬರೆದದ್ದನ್ನು ಓದಿ ನೋಡಿ. ಜ್ಞಾನ ತಂದೆತಾಯಿಯರನ್ನು ಉಡುಗೊರೆಯ ಲೆಕ್ಕದಿಂದ ಆರಿಸದೆ, ಮಗುವಿನ ಬಾಳಿನಲ್ಲಿ ಜೊತೆಗೆ ನಿಲ್ಲುವವರನ್ನೇ ಆರಿಸಿ. ಮನೆಯ ಹಿರಿಯರು ಬದುಕಿರುವಾಗಲೇ ಅವರ ತಂದೆತಾಯಿಯರ ಹೆಸರು ಕೇಳಿ ಬರೆದಿಡಿ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಬಲಿಪೂಜೆ ಅರ್ಪಿಸುವಾಗ, 'ನಮ್ಮ ಹಿರಿಯರು' ಎನ್ನುವ ಬದಲು ಒಬ್ಬೊಬ್ಬರ ಹೆಸರನ್ನೂ ಹಿಡಿದು ಪ್ರಾರ್ಥಿಸಲು ಅದು ಅನುವಾದೀತು.